ತಕ್ಕಡಿಗೆ ಕಾಣದ ಬೊಜ್ಜು

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಬ್ರೂಕ್‌ಫೀಲ್ಡ್ ಎಂಬ ಬಡಾವಣೆಯಲ್ಲಿ ನನ್ನ ವಾಸ. ಬೆಳಗಿನ ಹೊತ್ತು ಕುಂದಲಹಳ್ಳಿ ಕೆರೆಯ ಸುತ್ತ ನಡೆಯುವವರ ಮಾತು ಕಿವಿಗೆ ಬೀಳುತ್ತಿರುತ್ತದೆ. ಮನೆಯ ಬಾಡಿಗೆ, ಮಕ್ಕಳ ಶಾಲೆ, ವಾಹನಗಳ ದಟ್ಟಣೆ, ಇವುಗಳ ನಡುವೆ ಒಂದು ಅಳಲು ಮತ್ತೆ ಮತ್ತೆ ಕೇಳಿಬರುತ್ತದೆ: 'ತೂಕವೇನೋ ಇಳಿಯಿತು ಸ್ವಾಮಿ, ಹೊಟ್ಟೆ ಮಾತ್ರ ಜಗ್ಗಲಿಲ್ಲ.' ನಾನೂ ಆ ಪಂಗಡದವನೇ. ವೈದ್ಯರು ಹೇಳಿದ ತೂಕಕ್ಕೆ ಬಂದು ವರ್ಷ ಕಳೆದರೂ ಹೊಕ್ಕುಳ ಕೆಳಗಿನ ಮಡಿಕೆ ಕರಗದಿದ್ದಾಗ ಹಟ ಹಿಡಿದು ರಾತ್ರಿಯ ಊಟವನ್ನು ಬಿಟ್ಟೆ. ನಾಲ್ಕು ತಿಂಗಳಲ್ಲಿ ಕೆನ್ನೆಗಳು ಗುಳಿಬಿದ್ದವು, ತೋಳು ಸೊರಗಿತು, ತುಂಬಿದ ಬಿಂದಿಗೆ ಎತ್ತುವಾಗ ಕೈ ನಡುಗತೊಡಗಿತು; ಮಡಿಕೆ ಮಾತ್ರ ಇದ್ದಲ್ಲೇ ಇತ್ತು. ಇದು ನನ್ನ ಸಂಯಮದ ಕೊರತೆಯೆ, ಅಥವಾ ಬೇರೆ ಕಾರಣವುಂಟೆ ಎಂದು ಓದತೊಡಗಿದಾಗ ತಿಳಿದುಬಂದ ಚರಿತ್ರೆಯನ್ನು ಇಲ್ಲಿ ಅರಿಕೆಮಾಡುತ್ತೇನೆ.

ಮೊದಲು ತಕ್ಕಡಿಯ ಮಾತು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕ 19ನೆಯ ಶತಮಾನದ ಬೆಲ್ಜಿಯಂ ದೇಶದ ಕೆಟ್ಲೆ ಎಂಬ ಗಣಿತಜ್ಞನದು. ಆತ ಸರಾಸರಿ ಮನುಷ್ಯನನ್ನು ಅರಸುತ್ತಿದ್ದನೇ ಹೊರತು ಯಾರ ಬೊಜ್ಜನ್ನೂ ಅಳೆಯಹೊರಟವನಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಆ ಲೆಕ್ಕಕ್ಕೆ ದೇಹತೂಕ ಸೂಚಿ ಎಂಬ ಅರ್ಥದ ಹೆಸರಿಟ್ಟ ಮೇಲೆ ಅದು ಆಸ್ಪತ್ರೆಗಳನ್ನೆಲ್ಲ ಹೊಕ್ಕಿತು. ಕೊಬ್ಬು ಎಷ್ಟಿದೆ ಎಂಬುದಷ್ಟೇ ಅಲ್ಲ, ಮೈಯಲ್ಲಿ ಎಲ್ಲಿ ಕೂಡಿದೆ ಎಂಬುದೂ ಮುಖ್ಯವೆಂದು ಮಾರ್ಸೇಲ್ಸಿನ ವೈದ್ಯ ಜಾಂ ವಾಗ್ 1947ರಲ್ಲೇ ಹೇಳಿದ್ದ. ತಕ್ಕಡಿಗೆ ಅದು ಕಾಣುವುದಿಲ್ಲವಷ್ಟೆ.

ನಮ್ಮವರ ವಿಷಯದಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಒಂದು ಛಾಯಾಚಿತ್ರ. 2004ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಜೊತೆಗಿರುವ ಚಿತ್ರವನ್ನು ಅಚ್ಚುಮಾಡಿತು. ಇಬ್ಬರ ಸೂಚಿಯೂ 22.3. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರ ಮೈಯಲ್ಲಿ 21.2. ವಿದ್ವಾಂಸರಿಬ್ಬರು ತಮ್ಮ ಮೈಯನ್ನೇ ಸಾಕ್ಷಿಗೆ ನಿಲ್ಲಿಸಿದ ಈ ಸರಸ ನನಗೆ ಬಹಳ ಹಿಡಿಸಿತು.

ಈ ವ್ಯತ್ಯಾಸ ಎಲ್ಲಿಂದ ಬಂತೆಂದು ತಾವು ಕೇಳಬಹುದು. ಅದರ ಒಂದು ಎಳೆ ನಮ್ಮ ಮೈಸೂರಿನಲ್ಲೇ ಇದೆ. ಊರವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ, ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತ ಬಂದರು. ಬಾಣಂತಿ ಮನೆಗೆ ಹೋದಮೇಲೆ ಯಾರಿಗೂ ಬೇಡವಾಗಬಹುದಾಗಿದ್ದ ಆ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಕಾಪಾಡಿದವರಿಗೆ ನಾವು ಋಣಿಗಳು. ಏಕೆಂದರೆ 1990ರ ದಶಕದಲ್ಲಿ ಇಂಗ್ಲೆಂಡಿನ ಸೌಥಾಂಪ್ಟನ್ನಿನ ಸಂಶೋಧಕರೂ ಇಲ್ಲಿನ ವೈದ್ಯರೂ ಕೂಡಿ ಆ ಪುಟಗಳ ಕೂಸುಗಳನ್ನು ಹುಡುಕಿಕೊಂಡು ಹೊರಟರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ ಆಸುಪಾಸಿನಲ್ಲೇ ನೆಲೆಸಿದ್ದ 517 ಮಂದಿಯ ಪರೀಕ್ಷೆಯ ವರದಿ 1996ರಲ್ಲಿ ಹೊರಬಂತು. ಐದೂವರೆ ಪೌಂಡು ಅಥವಾ ಅದಕ್ಕೂ ಕಡಮೆ ತೂಗಿ ಹುಟ್ಟಿದವರಲ್ಲಿ ಶೇಕಡ 11 ಮಂದಿಗೆ ಹೃದ್ರೋಗ. ಏಳು ಪೌಂಡಿಗಿಂತ ಹೆಚ್ಚು ತೂಗಿದವರಲ್ಲಿ ಶೇಕಡ 3.

ಮುಂದೆ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರ ಮಕ್ಕಳನ್ನು ಹುಟ್ಟಿದಂದಿನಿಂದ ಅಳೆಯುತ್ತ ಬಂದರು. ಡಾ. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರ 2005ರ ವರದಿಯಂತೆ ಮೈಸೂರಿನ ಕೂಸು ಬ್ರಿಟನ್ನಿನ ಕೂಸಿಗಿಂತ ತೂಕದಲ್ಲಿ ಕಿರಿದು, ಮಾಂಸಖಂಡದಲ್ಲಿ ಕಿರಿದು. ಆದರೆ ಬೆನ್ನಿನ ಚರ್ಮವನ್ನು ಇಕ್ಕುಳದಂಥ ಉಪಕರಣದಿಂದ ಹಿಡಿದು ನೋಡಿದರೆ ಅಲ್ಲಿನ ಕೊಬ್ಬು ಮಾತ್ರ ಅಷ್ಟು ಕಿರಿದಲ್ಲ. ನಾಲ್ಕು ತುಂಬುವ ಹೊತ್ತಿಗೆ ಆ ಮಡಿಕೆ ಬ್ರಿಟನ್ನಿನ ಮಕ್ಕಳದನ್ನೂ ಮೀರಿತ್ತು. ಅಂದರೆ ಮೈಯ ನಡುಭಾಗದಲ್ಲಿ ಕೊಬ್ಬನ್ನು ಕೂಡಿಡುವ ಅಭ್ಯಾಸ ಕಂಪ್ಯೂಟರಿನ ಮುಂದೆ ಕುಳಿತಮೇಲೆ ಬಂದದ್ದಲ್ಲ, ತೊಟ್ಟಿಲಿಗೂ ಮೊದಲಿನದು. ತಾಯಿಗೆ ಆಹಾರ ಸಾಲದಾದಾಗ ಗರ್ಭದ ಕೂಸು ಮಿದುಳನ್ನು ಉಳಿಸಿಕೊಂಡು ಸ್ನಾಯುವನ್ನು ಬಿಟ್ಟುಕೊಡುತ್ತದೆಯೆಂಬುದು ಬಲ್ಲವರ ಊಹೆ.

ಹಾಗಾದರೆ ಹೊಟ್ಟೆಯನ್ನೇ ಗುರಿಯಿಟ್ಟು ಕರಗಿಸಲಾಗದೆ? 1984ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಗಂಡಸರಿಂದ 27 ದಿನಗಳಲ್ಲಿ ತಲಾ 5004 ಬಾರಿ ಮಲಗಿ ಏಳುವ ವ್ಯಾಯಾಮ ಮಾಡಿಸಿದರು. ಹೊಟ್ಟೆಯ ಕೊಬ್ಬಿನ ಕಣಗಳು ಬೆನ್ನು ಪೃಷ್ಠಗಳ ಕಣಗಳಷ್ಟೇ ಕುಗ್ಗಿದವು, ಹೆಚ್ಚಿಲ್ಲ. ತೂಕ ಇಳಿದರೂ ಆ ಕಣಗಳ ಸಂಖ್ಯೆ ಇಳಿಯುವುದಿಲ್ಲವೆಂದು 2008ರಲ್ಲಿ ಸ್ಟಾಕ್‌ಹೋಮಿನವರು ತೋರಿಸಿದರು. ನಾನು ಉಪವಾಸದಿಂದ ಕಳೆದುಕೊಂಡದ್ದು, ಮೊದಲೇ ನನ್ನಲ್ಲಿ ಕಡಮೆಯಿದ್ದ ಸ್ನಾಯುವನ್ನೇ.

ಈಗ ರಾತ್ರಿ ಉಣ್ಣುತ್ತೇನೆ, ಬೇಳೆ ಮೊಸರನ್ನು ಹೆಚ್ಚಿಸಿದ್ದೇನೆ, ವಾರಕ್ಕೆ ಮೂರು ದಿನ ಭಾರ ಎತ್ತುತ್ತೇನೆ. ತಕ್ಕಡಿಯನ್ನು ಬದಿಗಿಟ್ಟು ಟೇಪು ಹಿಡಿದಿದ್ದೇನೆ. ನಮ್ಮ ಗಂಡಸರ ಸೊಂಟಕ್ಕೆ 90 ಸೆಂಟಿಮೀಟರು, ಹೆಂಗಸರಿಗೆ 80 ಗಡಿಯಂತೆ. ನನ್ನದು ಗಡಿಯ ಈಚೆ ಬಂದಿದೆ. ಮಡಿಕೆ ಇನ್ನೂ ಇದೆ.

ನಾನು ಹುಟ್ಟಿದ ಹಳ್ಳಿಯಲ್ಲಿ ತಕ್ಕಡಿ ಇದ್ದದ್ದು ಅಂಗಡಿಯಲ್ಲಿ, ಹೆರಿಗೆಯ ಕೋಣೆಯಲ್ಲಲ್ಲ. ನನ್ನ ತೂಕ ಯಾವ ಪುಸ್ತಕದಲ್ಲೂ ಇಲ್ಲ. ಮೊರದಲ್ಲಿ ಮಲಗಿಸಿದರೆ ಮೊರವೇ ದೊಡ್ಡದಾಗಿ ಕಾಣುತ್ತಿತ್ತೆಂದು ಅಮ್ಮ ಹೇಳುತ್ತಿದ್ದರು. ಆ ವರ್ಷ ಮಳೆ ಕೈಕೊಟ್ಟಿತ್ತಂತೆ. ಬಸುರಿಯಾಗಿದ್ದ ಅವರು ಮನೆಮಂದಿಯೆಲ್ಲ ಉಂಡೆದ್ದಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದರಂತೆ.