ಕುಣಿತ

ಕುಣಿತ ಎಂಬುದು ವಾದ್ಯ, ತಾಳಗಳ ಗತಿಗೆ ಅನುಗುಣವಾಗಿ ಹೆಜ್ಜೆ ಹಾಕುತ್ತ, ಜಿಗಿಯುತ್ತ, ಮೈಯನ್ನು ಬಾಗಿಸುತ್ತ ಮಾಡುವ ನರ್ತನವನ್ನು ಸೂಚಿಸುವ ಕನ್ನಡ ಪದ. ಜಾತ್ರೆ, ಹಬ್ಬ, ಉತ್ಸವಗಳಲ್ಲಿ ಗ್ರಾಮೀಣರು ಗುಂಪಾಗಿ ಪ್ರದರ್ಶಿಸುವ ಅನೇಕ ಕಲೆಗಳಿಗೆ ಈ ಹೆಸರು ರೂಢಿಯಲ್ಲಿದೆ.

ಪದರಚನೆ ಮತ್ತು ಮೂಲ

‘ಕುಣಿ’ ಎಂಬ ಧಾತುವಿಗೆ ‘ತ’ ಪ್ರತ್ಯಯ ಸೇರಿ ‘ಕುಣಿತ’ ಎಂಬ ಕೃದಂತ ಭಾವನಾಮ ಉಂಟಾಗಿದೆ. ಹೊಡೆತ, ಇರಿತ, ಕೊರೆತ, ತುಳಿತ ಮುಂತಾದವು ಇದೇ ರೀತಿಯ ರೂಪಗಳು. ‘ಕುಣಿ’ ದ್ರಾವಿಡ ಮೂಲದ ಧಾತು. ತಮಿಳಿನ ‘ಕುನಿ’ ಎಂಬುದಕ್ಕೆ ಬಾಗು, ನರ್ತಿಸು ಎಂಬ ಎರಡು ಅರ್ಥಗಳಿವೆ. ನೃತ್ಯ, ನರ್ತನ, ನಾಟ್ಯ ಎಂಬ ಪದಗಳು ಸಂಸ್ಕೃತದಿಂದ ಬಂದವು. ತಗ್ಗು, ಗುಂಡಿ ಎಂಬ ಅರ್ಥದ ‘ಕುಣಿ’ ರೂಪದಲ್ಲಿ ಒಂದೇ ಆಗಿ ಕಂಡರೂ ಬೇರೆಯೇ ಪದ.

ಕಲೆಗಳ ಹೆಸರುಗಳಲ್ಲಿ

ಕುಣಿತ ಪದವು ಸಮಾಸದ ಉತ್ತರಪದವಾಗಿ ಬಂದಾಗ, ಪೂರ್ವಪದವು ಆ ಕಲೆಯ ವೈಶಿಷ್ಟ್ಯವನ್ನು ತಿಳಿಸುತ್ತದೆ.

ವಾದ್ಯ: ಡೊಳ್ಳು ಕುಣಿತ. ಇದು ಹಾಲುಮತ ಸಮುದಾಯದ ಬೀರೇಶ್ವರನ ಆರಾಧನೆಗೆ ಸಂಬಂಧಿಸಿದ್ದು.
ಧರಿಸುವ ಅಥವಾ ಹೊರುವ ವಸ್ತು: ಪಟ ಕುಣಿತ, ಪೂಜಾ ಕುಣಿತ, ಮರಗಾಲು ಕುಣಿತ. ಪೂಜಾ ಕುಣಿತದಲ್ಲಿ ಅಲಂಕೃತ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಾರೆ.
ಕಲಾವಿದರು: ಗೊರವರ ಕುಣಿತ. ಗೊರವರು ಮೈಲಾರಲಿಂಗನ ಭಕ್ತರು.
ಕಾಲ: ಉತ್ತರ ಕನ್ನಡದ ಸುಗ್ಗಿ ಕುಣಿತ.

ಎಲ್ಲ ಜನಪದ ಕಲೆಗಳ ಹೆಸರಿನಲ್ಲಿಯೂ ಈ ಪದವಿರುವುದಿಲ್ಲ. ವೀರಗಾಸೆ, ಕಂಸಾಳೆ, ಕೋಲಾಟಗಳಲ್ಲಿ ಕುಣಿತವೇ ಪ್ರಧಾನವಾಗಿದ್ದರೂ ಅವು ಬೇರೆ ಹೆಸರುಗಳಿಂದ ಪ್ರಸಿದ್ಧವಾಗಿವೆ.

ಅರ್ಥವ್ಯಾಪ್ತಿ

ಭರತನಾಟ್ಯದಂತಹ ಶಾಸ್ತ್ರೀಯ ಪ್ರಕಾರಗಳನ್ನು ಸಾಮಾನ್ಯವಾಗಿ ನೃತ್ಯವೆಂದೂ ಜನಪದ ಪ್ರಕಾರಗಳನ್ನು ಕುಣಿತವೆಂದೂ ಕರೆಯುವ ವಾಡಿಕೆಯಿದೆ. ಇದರಿಂದ ಕುಣಿತವೆಂದರೆ ನಿಯಮವಿಲ್ಲದ ಜಿಗಿದಾಟ ಎಂಬ ತಪ್ಪು ಭಾವನೆ ಮೂಡುವುದುಂಟು. ಆದರೆ ಡೊಳ್ಳು ಕುಣಿತದಲ್ಲಿ ಪ್ರತಿ ಹೆಜ್ಜೆಯೂ ವಾದ್ಯದ ಗತ್ತಿಗೆ ಬದ್ಧವಾಗಿರುತ್ತದೆ. ಯಕ್ಷಗಾನದಲ್ಲಿಯೂ ತಾಳಕ್ಕೆ ಹೊಂದಿದ ಹೆಜ್ಜೆಗಾರಿಕೆಗೆ ಕುಣಿತವೆಂದೇ ಹೆಸರು; ಅದನ್ನು ಗುರುಮುಖೇನ ಅಭ್ಯಾಸ ಮಾಡಬೇಕಾಗುತ್ತದೆ. ಅನೇಕ ಕುಣಿತಗಳು ಮನರಂಜನೆಯಷ್ಟೇ ಅಲ್ಲದೆ ದೈವಾರಾಧನೆಯ ಅಂಗವೂ ಆಗಿವೆ.

ನುಡಿಗಟ್ಟು ಮತ್ತು ಗಾದೆ

‘ಕುಣಿದಾಡು’ ಎಂದರೆ ಅತಿಯಾಗಿ ಸಂತೋಷಪಡು. ‘ತಾಳಕ್ಕೆ ತಕ್ಕಂತೆ ಕುಣಿ’ ಎಂದರೆ ಇನ್ನೊಬ್ಬರ ಇಚ್ಛೆಯಂತೆ ನಡೆದುಕೊಳ್ಳು. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯು ತನ್ನ ಅಸಾಮರ್ಥ್ಯಕ್ಕೆ ಬೇರೆ ಕಾರಣ ಹುಡುಕುವವರನ್ನು ಕುರಿತದ್ದು. ಕುಣಿತಕ್ಕೆ ಕೌಶಲ ಅಗತ್ಯವೆಂಬ ತಿಳಿವಳಿಕೆಯೇ ಈ ಗಾದೆಗೆ ಆಧಾರ.