ಗೋವೆಯ ‘ಕಜಾದೊ’ಗಳು

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟವರು ಪೀರನವಾಡಿಯನ್ನು ಹಾಯ್ದು ಹೋಗುವರು. ಮುಂದೆ ಸಹ್ಯಾದ್ರಿಯ ಘಟ್ಟವನ್ನಿಳಿದರೆ ಗೋವೆಯ ಸೀಮೆ. 1961ನೆಯ ಇಸವಿಯ ಡಿಸೆಂಬರದವರೆಗೆ ಅದು ಪೋರ್ತುಗೀಜರ ಆಳ್ವಿಕೆಯಲ್ಲಿದ್ದ ಪರರಾಜ್ಯವು. ಸಪ್ತಸಮುದ್ರಗಳಾಚೆಯಿಂದ ಬಂದವರು ನಾಲ್ಕೂವರೆ ಶತಮಾನ ಇಲ್ಲಿ ಬೇರೂರಿದ ಬಗೆಯನ್ನು ವಿಚಾರಿಸಿದರೆ, ತೋಪು ತುಪಾಕಿಗಳಂತೆಯೇ ವಿವಾಹವೂ ಅವರಿಗೊಂದು ಸಾಧನವಾದುದು ಕಂಡುಬರುವುದು.

ಗೋವೆಯು ಆಗ ವಿಜಾಪುರದ ಆದಿಲಶಾಹರ ವಶದಲ್ಲಿದ್ದಿತು. 1510ರಲ್ಲಿ ಅಲ್ಬುಕರ್ಕನು ಹೊನ್ನಾವರದ ಕಡೆಯ ನಾವಿಕ ನಾಯಕನಾದ ತಿಮ್ಮೋಜನ ನೆರವಿನಿಂದ ಅದನ್ನು ಹಿಡಿದನು. ಕೆಲವೇ ತಿಂಗಳಲ್ಲಿ ಕಳೆದುಕೊಂಡನು. ನವೆಂಬರ 25ರಂದು ಮರಳಿ ಗೆದ್ದನು. ಗೆಲ್ಲುವುದಕ್ಕಿಂತ ಉಳಿಸಿಕೊಳ್ಳುವುದು ಕಠಿಣವಾಗಿದ್ದಿತು. ಪೋರ್ತುಗಾಲವು ಅಲ್ಪ ಜನಸಂಖ್ಯೆಯ ದೇಶ. ಅಲ್ಲಿಂದ ಹಡಗು ಬರಲು ಸುಮಾರು ಆರು ತಿಂಗಳು ಬೇಕು. ಸ್ತ್ರೀಯರು ಬರುವುದಂತೂ ತೀರ ವಿರಳ. ಆದುದರಿಂದ ತನ್ನ ಜನರು ಇಲ್ಲಿಯ ಸ್ತ್ರೀಯರನ್ನು ವರಿಸಿ ಇಲ್ಲಿಯೇ ನೆಲೆಸಲೆಂದು ಅವನು ಪ್ರೋತ್ಸಾಹಿಸಿದನು. ಪೋರ್ತುಗೀಜರಲ್ಲಿಯೇ ಕೆಲವರು ಈ ನೀತಿಯನ್ನು ಹಳಿದರೂ ಅವನು ಹಿಂದೆಗೆಯಲಿಲ್ಲ.

ಅವಿವಾಹಿತನು ‘ಸೊಲ್ದಾದೊ’, ಎಂದರೆ ಸೈನಿಕ. ದೊರೆಯ ನೌಕಾಪಡೆ ಕರೆದಲ್ಲಿಗೆ ಹೋಗತಕ್ಕವನು. ಮದುವೆಯಾದವನು ‘ಕಜಾದೊ’, ಅವನಿಗೆ ಮನೆಯೂ ಭೂಮಿಯೂ ದೊರೆಯುತ್ತಿದ್ದವು. ನಗರದಲ್ಲಿ ನೆಲೆಸಿ ಕಸುಬು ವ್ಯಾಪಾರಗಳನ್ನು ನಡೆಯಿಸಲು ಅವನಿಗೆ ಅವಕಾಶವಿದ್ದಿತು. ಮುಂದೆ ನಗರಸಭೆಯ ಅಧಿಕಾರವೂ ಈ ವರ್ಗದವರ ಕೈಸೇರಿತು. ಅದೇ ಶತಮಾನದಲ್ಲಿ ಪೋರ್ತುಗಾಲದ ದೊರೆಯು ಅನಾಥ ಕನ್ಯೆಯರನ್ನು ಗೋವೆಗೆ ಕಳುಹಲಾರಂಭಿಸಿದಾಗ, ಅವರನ್ನು ವರಿಸಿದವರಿಗೆ ಸರಕಾರದ ಹುದ್ದೆಯೇ ವರದಕ್ಷಿಣೆಯಾಗಿ ಸಲ್ಲುತ್ತಿದ್ದಿತು. ಹೀಗೆ ನೆಲೆಗೂ ಉದ್ಯೋಗಕ್ಕೂ ಮದುವೆಯೇ ಹೆಬ್ಬಾಗಿಲಾಯಿತು.

ಆದರೆ ಈ ಲಾಭದ ಬೆಲೆಯನ್ನು ತೆತ್ತವರಾರು? ಕಜಾದೊಗಳಿಗೆ ಹಂಚಿದ ಮನೆ ಹೊಲಗಳು ಬಹುಮಟ್ಟಿಗೆ ಸೋತ ಮುಸಲ್ಮಾನರಿಂದ ಕಸಿದುಕೊಂಡವುಗಳು. ಮೊದಮೊದಲು ಮದುವೆಯಾದ ಸ್ತ್ರೀಯರಲ್ಲಿ ಅನೇಕರು ಸೆರೆಸಿಕ್ಕವರು, ಯುದ್ಧದಲ್ಲಿ ಹತರಾದವರ ಮಡದಿಯರು, ಮಕ್ಕಳು. ತಂದೆ ಇಲ್ಲವೆ ಅಣ್ಣನು ನಿಂತು ಮದುವೆಮಾಡಿಕೊಡುವ ಭಾಗ್ಯ ಅವರಿಗೆಲ್ಲಿಯದು? ಮೊದಲು ಜ್ಞಾನಸ್ನಾನ, ಹೊಸ ಹೆಸರು, ಬಳಿಕ ವಿವಾಹ. ಗಂಡನು ಪರದೇಶದಲ್ಲಿ ಮನೆಯೊಡೆಯನಾದನು. ಹೆಂಡತಿಯು ಹುಟ್ಟಿದೂರಿನಲ್ಲಿಯೇ ಪರಕೀಯಳಾದಳು. ಅಲ್ಬುಕರ್ಕನು ತನ್ನ ದೊರೆಗೆ ಬರೆದ ಪತ್ರಗಳು ಇಂದಿಗೂ ಉಳಿದಿರುವುವು. ಈ ವಿವಾಹಗಳ ಸಂಗತಿಯೂ ಅವುಗಳಲ್ಲಿದೆ. ಆದರೆ ಅಲ್ಲಿ ಮಾತನಾಡುವವನು ಮದುವೆಮಾಡಿಸಿದವನು, ಮದುವೆಯಾದವಳಲ್ಲ.

ವಿವಾಹದ ಮೂಲಕ ಪರದೇಶದಲ್ಲಿ ವಾಸಿಸುವ, ದುಡಿಯುವ ಹಕ್ಕನ್ನು ಪಡೆಯುವುದು ಇಂದು ಅನೇಕ ರಾಷ್ಟ್ರಗಳ ಕಾಯದೆಯಲ್ಲಿ ಸಮ್ಮತವಾಗಿದೆ. ಆ ಮದುವೆಯು ನಿಜವಾದುದೇ ಎಂದು ಅಧಿಕಾರಿಗಳು ವಿಚಾರಿಸುವುದೂ ಉಂಟು. ಈ ವಿಚಾರಣೆಯು ಹಲವರಿಗೆ ಕಿರಿಕಿರಿಯೆನಿಸಬಹುದು. ಆದರೆ ಘಟ್ಟದ ಕೆಳಗಿನ ಆ ಹಳೆಯ ನಗರವನ್ನು ನೆನೆದರೆ, ಇನ್ನೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇಬ್ಬರೂ ಒಪ್ಪಿದ್ದರೇ? 1510ರಲ್ಲಿ ಅದನ್ನು ಕೇಳುವವರಿರಲಿಲ್ಲ.