ಸ್ಥಾಲೀಪುಲಾಕನ್ಯಾಯವೂ ಕಡಲ ಮೀನೂ

ಅನ್ನವು ಬೆಂದಿದೆಯೋ ಇಲ್ಲವೋ ಎಂಬುದನ್ನರಿಯಲು ಗೃಹಿಣಿಯು ಪಾತ್ರೆಯ ಅಗುಳುಗಳನ್ನೆಲ್ಲ ಹಿಸುಕಿ ನೋಡುವುದಿಲ್ಲ. ಒಂದೆರಡನ್ನು ಬೆರಳಿನಿಂದೊತ್ತಿ ಉಳಿದುದನ್ನು ಊಹಿಸುವಳು. ಪ್ರಾಚೀನ ಶಾಸ್ತ್ರಕಾರರು ಇದನ್ನೇ ಸ್ಥಾಲೀಪುಲಾಕನ್ಯಾಯವೆಂದರು. ಆದರೆ ಈ ನ್ಯಾಯವು ಸಲ್ಲಬೇಕಾದರೆ ಪಾತ್ರೆಯೊಳಗಣ ಅಗುಳುಗಳೆಲ್ಲಕ್ಕೂ ಕಾವು ಸಮನಾಗಿ ತಾಗಿರಬೇಕು. ತಳದ ಅನ್ನ ಸೀದು ಮೇಲಣದು ಅಕ್ಕಿಯಾಗಿಯೇ ಉಳಿದಿದ್ದರೆ ಒಂದು ಅಗುಳಿನ ಸಾಕ್ಷ್ಯವು ಸುಳ್ಳಾಗುವುದು. ಕಡಲ ಮೀನುಗಳನ್ನು ಲೆಕ್ಕಿಸಹೊರಟ ಪಂಡಿತರ ಚರಿತ್ರೆಯು ಈ ನ್ಯಾಯದ ಗುಣದೋಷಗಳ ಚರಿತ್ರೆಯೇ ಆಗಿದೆ.

1883ರಲ್ಲಿ ಲಂಡನ್ ನಗರದಲ್ಲಿ ಅಂತರರಾಷ್ಟ್ರೀಯ ಮತ್ಸ್ಯಪ್ರದರ್ಶನವು ನಡೆದಾಗ, ಥಾಮಸ್ ಹಕ್ಸ್ಲಿ ಎಂಬ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞನು ಕಾಡ್, ಹೆರಿಂಗ್ ಮೊದಲಾದ ದೊಡ್ಡ ಕಡಲ ಮೀನುಗಾರಿಕೆಗಳು ಬಹುಶಃ ಎಂದಿಗೂ ಬರಿದಾಗಲಾರವೆಂದು ಸಾರಿದನು. ಆ ಕಾಲದ ಬಲೆ, ದೋಣಿಗಳನ್ನು ನೋಡಿದವರಿಗೆ ಅದು ಅಯುಕ್ತವೆಂದು ತೋರಲಿಲ್ಲ. ಆದರೆ ಬರಿದಾಗದೆಂದು ಹೇಳುವವನೂ ಬರಿದಾಗುವುದೆಂದು ಹೇಳುವವನೂ ಮೊದಲು ಎಣಿಸಬೇಕಷ್ಟೆ. ಕಾಣದ ಪ್ರಾಣಿಯನ್ನು ಎಣಿಸುವ ಬಗೆ ಯಾವುದು?

ಜರ್ಮನಿಯ ಕೀಲ್ ಪಟ್ಟಣದ ವಿಕ್ಟರ್ ಹೆನ್ಸೆನ್ ಎಂಬವನು ಮೀನನ್ನು ಬಿಟ್ಟು ಮೊಟ್ಟೆಯನ್ನು ಹಿಡಿದನು. ಹಿಟ್ಟಿನ ಗಿರಣಿಯವರು ಬಳಸುತ್ತಿದ್ದ ನವಿರಾದ ರೇಷ್ಮೆಯ ಜರಡಿಬಟ್ಟೆಯಿಂದ ಬಲೆಯನ್ನು ಮಾಡಿಸಿ, ಅದನ್ನು ಆಳಕ್ಕಿಳಿಸಿ ನೇರವಾಗಿ ಮೇಲಕ್ಕೆಳೆದನು. ಬಲೆಯ ಬಾಯಿಯ ವಿಸ್ತಾರವನ್ನು ಆಳದಿಂದ ಗುಣಿಸಿದರೆ ಸೋಸಿದ ನೀರಿನ ಪರಿಮಾಣವು ದೊರೆಯುವುದು. ಸಿಕ್ಕಿದ ಮೊಟ್ಟೆಗಳನ್ನೆಣಿಸಿ, ಒಂದು ಹೆಣ್ಣುಮೀನು ಇಡುವ ಮೊಟ್ಟೆಗಳ ಸಂಖ್ಯೆಯಿಂದ ಭಾಗಿಸಿದರೆ ತಾಯಿಮೀನುಗಳ ಸಂಖ್ಯೆಯು ಸ್ಥೂಲವಾಗಿ ತಿಳಿಯುವುದು. 1895ರಲ್ಲಿ ಉತ್ತರ ಸಮುದ್ರದಲ್ಲಿ ಈ ಗಣನೆಯು ನಡೆಯಿತು.

ಡೆನ್ಮಾರ್ಕಿನ ಪೀಟರ್ಸನ್ನನ ಉಪಾಯವು ಬೇರೆ. ಲಿಮ್ ಫ್ಯೋರ್ಡ್ ಎಂಬ ಕಡಲಕಾಲುವೆಯ ಚಪ್ಪಟೆ ಮೀನುಗಳಿಗೆ ಗುರುತಿನ ಬಿಲ್ಲೆಗಳನ್ನು ಕಟ್ಟಿ ಅವನು ಮರಳಿ ನೀರಿಗೆ ಬಿಟ್ಟನು. ಬಿಟ್ಟ ಮೀನು 1,000 ಎಂದಿಟ್ಟುಕೊಳ್ಳೋಣ. ಮುಂದೆ ಹಿಡಿದ 500 ಮೀನುಗಳಲ್ಲಿ 50ಕ್ಕೆ ಗುರುತಿದ್ದರೆ, ಹತ್ತರಲ್ಲೊಂದು ಗುರುತಿನದು. ಆದುದರಿಂದ ಒಟ್ಟು ಮೀನು 10,000. ತ್ರೈರಾಶಿಯನ್ನು ಬಲ್ಲ ಬಾಲಕನಿಗೂ ಇದು ತಿಳಿಯುವಂತಹುದು. ಆದರೆ ಗುರುತಿನ ಮೀನು ಸಾಯದೆ, ಓಡಿಹೋಗದೆ, ಬಿಲ್ಲೆಯನ್ನು ಕಳೆದುಕೊಳ್ಳದೆ, ಉಳಿದವುಗಳೊಡನೆ ಚೆನ್ನಾಗಿ ಬೆರೆತಿರಬೇಕು. ಅನ್ನದ ಪಾತ್ರೆಯ ನಿಯಮವು ಇಲ್ಲಿಯೂ ತಪ್ಪಲಿಲ್ಲ.

ಕಡಲಿಗೆ ರಾಜ್ಯಗಳ ಗಡಿಯಿಲ್ಲವಾದುದರಿಂದ 1902ರಲ್ಲಿ ಕೋಪನ್ ಹೇಗನ್ನಿನಲ್ಲಿ ಸಮುದ್ರ ಸಂಶೋಧನೆಯ ಅಂತರರಾಷ್ಟ್ರೀಯ ಮಂಡಲಿಯು ಸ್ಥಾಪಿತವಾಯಿತು. ಅದರ ಪ್ರಮುಖರಲ್ಲೊಬ್ಬನಾದ ನಾರ್ವೆ ದೇಶದ ಯೋಹಾನ್ ಯೋರ್ಟನು ಮೀನಿನ ವಯಸ್ಸನ್ನು ಎಣಿಸತೊಡಗಿದನು. ಮರದ ಕಾಂಡದ ಬಳೆಗಳಂತೆ ಹೆರಿಂಗಿನ ಹುರುಪೆಯಲ್ಲಿಯೂ ವರ್ಷಕ್ಕೊಂದು ರೇಖೆ ಮೂಡುವುದು. ವರ್ಷವರ್ಷವೂ ಮಾದರಿಗಳನ್ನು ನೋಡುತ್ತಿರಲು 1904ರಲ್ಲಿ ಹುಟ್ಟಿದ ಪೀಳಿಗೆಯೊಂದೇ ಅನೇಕ ವರ್ಷ ಹಿಡಿಗೆಯನ್ನು ತುಂಬಿದುದು ಕಂಡುಬಂದಿತು. ಮೀನಿನ ಸಮೃದ್ಧಿ, ಕ್ಷಾಮಗಳು ಮರಿಗಳು ಬದುಕಿದ ವರ್ಷ, ಬದುಕದ ವರ್ಷಗಳನ್ನು ಅನುಸರಿಸುವುವೆಂದು 1914ರಲ್ಲಿ ಅವನು ಪ್ರಕಟಿಸಿದನು.

ಕಾಲಕ್ರಮದಲ್ಲಿ ಸಮೀಕ್ಷೆಯ ನೌಕೆಗಳಿಗೆ ನಿಯತವಾದ ವಿಧಿಯು ಏರ್ಪಟ್ಟಿತು. ಎಳೆಬಲೆಯು ಚೀಲದಾಕಾರದ್ದು, ಇಕ್ಕೆಲದ ಹಲಗೆಗಳು ನೀರಿನ ಒತ್ತಡದಿಂದ ಹೊರಕ್ಕೆ ಸರಿದು ಅದರ ಬಾಯಿಯನ್ನು ತೆರೆದಿಡುವುವು. ಮೇಲಂಚಿಗೆ ತೇಲುಗುಂಡು, ಕೆಳಂಚಿಗೆ ಭಾರ. ಮೀನುಗಾರನು ಮರಿಗಳು ನುಸುಳಿಹೋಗಲೆಂದು ಕಣ್ಣನ್ನು ಅಗಲವಾಗಿಟ್ಟರೆ, ಸಮೀಕ್ಷಕನು ಮರಿಗಳೂ ಸಿಕ್ಕಲೆಂದು ಬಲೆಯ ತುದಿಗೆ ಸಣ್ಣಕಣ್ಣಿನ ಒಳಪದರವನ್ನು ಹಚ್ಚುವನು. ಕಡಲನ್ನು ಆಳಕ್ಕನುಸಾರವಾಗಿ ವಲಯಗಳಾಗಿ ವಿಂಗಡಿಸಿ, ಚೀಟಿಯೆತ್ತಿದಂತೆ ಸ್ಥಳಗಳನ್ನಾರಿಸಿ, ಒಂದೇ ಬಗೆಯ ಬಲೆಯನ್ನು ಒಂದೇ ವೇಗದಿಂದ, ಸಾಮಾನ್ಯವಾಗಿ 30 ನಿಮಿಷಗಳವರೆಗೆ ಎಳೆಯುವರು. ಮೀನು ಹೆಚ್ಚಿರುವಲ್ಲಿಗೆ ಹೋಗುವುದು ಮೀನುಗಾರನ ಧರ್ಮ; ಮೀನಿಲ್ಲದ ಸ್ಥಳದಲ್ಲಿಯೂ ಬಲೆಯನ್ನಿಳಿಸಿ ಸೊನ್ನೆಯನ್ನು ಬರೆದುಕೊಳ್ಳುವುದು ಸಮೀಕ್ಷಕನ ಧರ್ಮ.

ಈ ಭೇದವನ್ನು ಮರೆತುದರ ಫಲವನ್ನು ಕೆನಡಾದ ನ್ಯೂಫೌಂಡ್ ಲೆಂಡಿನ ಜನರು ಉಂಡರು. 1968ರಲ್ಲಿ ಆ ತೀರದಾಚೆ ನಾನಾ ದೇಶದವರು ಹಿಡಿದ ಕಾಡ್ ಮೀನು 8 ಲಕ್ಷ ಟನ್ನುಗಳನ್ನು ಮೀರಿತ್ತು. 1977ರಲ್ಲಿ ಕೆನಡಾ 200 ಮೈಲಿಯ ಅಧಿಕಾರಸೀಮೆಯನ್ನು ಸಾರಿ ಪರದೇಶದ ಹಡಗುಗಳನ್ನು ಬಹುಮಟ್ಟಿಗೆ ದೂರವಿಟ್ಟಿತು. ಉಳಿದ ಮೀನನ್ನು ಅಳೆಯಲು ಎರಡು ಸಾಕ್ಷ್ಯಗಳಿದ್ದವು: ಸಮೀಕ್ಷೆಯ ನೌಕೆಯ ಎಣಿಕೆಯೊಂದು, ವ್ಯಾಪಾರದ ಹಡಗುಗಳಿಗೆ ಗಂಟೆಗೆ ಸಿಕ್ಕುವ ಮೀನಿನ ಲೆಕ್ಕವೊಂದು. ಸಂಖ್ಯೆ ಕುಗ್ಗಿದಂತೆಲ್ಲ ಮೀನುಗಳು ಕೆಲವೇ ಸ್ಥಳಗಳಲ್ಲಿ ಒತ್ತೊತ್ತಾಗಿ ಸೇರಿದವು. ಪ್ರತಿಧ್ವನಿಯಂತ್ರಗಳುಳ್ಳ ಹಡಗುಗಳು ನೆಟ್ಟಗೆ ಅಲ್ಲಿಗೇ ಹೋಗಿ ಬಲೆಯನ್ನು ತುಂಬಿಕೊಂಡವು. ಬಲೆ ತುಂಬಿದುದರಿಂದ ಕಡಲೂ ತುಂಬಿದೆಯೆಂಬ ಭ್ರಾಂತಿಯುಂಟಾಯಿತು. ಕರಾವಳಿಯ ಚಿಕ್ಕ ದೋಣಿಯವರು ಮಾತ್ರ ಮೀನು ಕಡಮೆಯಾಯಿತು, ಕಿರಿದಾಯಿತು ಎಂದು 1980ರ ದಶಕದ ನಡುವಿನಿಂದಲೇ ಮೊರೆಯಿಟ್ಟರು. ಅಂಕಿಗಳ ಪಟ್ಟಿಯಲ್ಲಿ ಆ ಮಾತಿಗೆ ಸ್ಥಾನವಿರಲಿಲ್ಲ.

1989ರ ಹೊತ್ತಿಗೆ ಎರಡು ಸಾಕ್ಷ್ಯಗಳಿಗೂ ವಿರೋಧವು ಸ್ಪಷ್ಟವಾಯಿತು. ಪಂಡಿತರು ಹಿಡಿಗೆಯನ್ನು 1,25,000 ಟನ್ನುಗಳಿಗೆ ಇಳಿಸಬೇಕೆಂದರು. ಸರಕಾರವು ಜನರ ಜೀವನೋಪಾಯಕ್ಕೆ ಅಂಜಿ 2,35,000 ಟನ್ನುಗಳಿಗೆ ಅನುಮತಿಯಿತ್ತಿತು. ಯಾವ ಜೀವನೋಪಾಯವನ್ನು ಉಳಿಸಲೆಂದು ಹಾಗೆ ಮಾಡಿದರೋ ಅದೇ ಅಳಿಯಿತು. 1992ರ ಜುಲೈ 2ರಂದು ಮೀನುಗಾರಿಕೆಯನ್ನೇ ನಿಷೇಧಿಸಬೇಕಾಯಿತು. ಸುಮಾರು 30,000 ಜನರು ಕೆಲಸಗೆಟ್ಟರು. ನಡುವೆ ಅಲ್ಪಸ್ವಲ್ಪ ಹಿಡಿಯಲು ಅನುಮತಿ ದೊರೆಯಿತಾದರೂ ನಿಷೇಧವು ತೆರವಾದುದು 2024ರಲ್ಲಿ. ಆಗ ಗೊತ್ತುಮಾಡಿದ ಮಿತಿ 18,000 ಟನ್ನು ಮಾತ್ರ.

ಭಾರತದಲ್ಲಿ 1947ರಲ್ಲಿ ಆರಂಭವಾಗಿ ಈಗ ಕೊಚ್ಚಿಯಲ್ಲಿ ನೆಲೆಸಿರುವ ಕೇಂದ್ರೀಯ ಸಮುದ್ರ ಮತ್ಸ್ಯ ಸಂಶೋಧನಾ ಸಂಸ್ಥೆಯು ದಡಕ್ಕೆ ಬಂದ ಮೀನಿನ ಲೆಕ್ಕದಿಂದಲೇ ಈ ಕಾರ್ಯವನ್ನು ಮುಖ್ಯವಾಗಿ ನಡೆಸುತ್ತಿದೆ. ತೀರವನ್ನು ವಲಯಗಳಾಗಿ ವಿಂಗಡಿಸಿ, ಇಳಿದಾಣಗಳನ್ನೂ ದಿನಗಳನ್ನೂ ಆರಿಸಿ, ಅಂದು ಬಂದ ದೋಣಿಗಳಲ್ಲಿ ಕೆಲವನ್ನು ಪರೀಕ್ಷಿಸಿ ಒಟ್ಟು ಮೊತ್ತವನ್ನು ಕಟ್ಟುವರು. ಕಾರವಾರ, ಮಂಗಳೂರುಗಳಲ್ಲಿಯೂ ಸಂಸ್ಥೆಯ ಕೇಂದ್ರಗಳಿವೆ. ಬಂಗುಡೆ, ಬೂತಾಯಿಗಳು ಒಂದು ವರ್ಷ ರಾಶಿಬಿದ್ದು ಮತ್ತೊಂದು ವರ್ಷ ಮರೆಯಾಗುವ ಆ ಕರಾವಳಿಯಲ್ಲಿ, ಹಿಡಿದ ಮೀನು ಎಷ್ಟು ಎಂಬುದರೊಡನೆ ಎಲ್ಲಿ, ಯಾವ ಬಲೆಯಿಂದ, ಎಷ್ಟು ಹೊತ್ತಿನ ಶ್ರಮದಿಂದ ಹಿಡಿದುದು ಎಂಬುದನ್ನೂ ಕೇಳಿ ಬರೆದುಕೊಳ್ಳುವುದು ಅವಶ್ಯಕ. ಸ್ಥಾಲೀಪುಲಾಕನ್ಯಾಯವು ಸುಳ್ಳಲ್ಲ, ಆದರೆ ಅಗುಳನ್ನು ಒತ್ತಿ ನೋಡುವ ಮೊದಲು ಅದು ಪಾತ್ರೆಯ ಯಾವ ಭಾಗದಿಂದ ಬಂದಿತೆಂದು ವಿಚಾರಿಸತಕ್ಕದ್ದು.